ಖಾಲಿ ಸಾಲು

ದೊಡ್ಡಪ್ಪ ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಶಾಸನಸಭೆಯ ವರದಿಗಾರರ ಶಾಖೆಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ತತ್ವಶಾಸ್ತ್ರ ಓದಿಕೊಂಡು ಬಂದವಳೆಂದು ನನ್ನನ್ನು ಅವರು ಮೊದಲ ದಿನವೇ ಹಿಡಿದುಕೊಂಡಿದ್ದರು.

"ಏನಮ್ಮ ತತ್ವಜ್ಞಾನಿ, ಆತ್ಮ ಆಮೇಲೆ ಹುಡುಕು. ಮೊದಲು ಆ ಪೆನ್ಸಿಲ್ ಚೂಪು ಮಾಡ್ಕೋ."

ನಮ್ಮದು ಲೆಕ್ಕಪತ್ರ ಸಮಿತಿಯ ಕೆಲಸ. ಸರ್ಕಾರ ಖರ್ಚು ಮಾಡಿದ್ದಕ್ಕೆ ಶಾಸಕರು ಅಧಿಕಾರಿಗಳನ್ನು ಕೂರಿಸಿ ವಿವರ ಕೇಳುತ್ತಾರೆ. ಆಡಿದ ಮಾತನ್ನೆಲ್ಲ ನಾವು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತೇವೆ. ಆ ಕೋಣೆಯಲ್ಲಿ ಧ್ವನಿಮುದ್ರಣವಿಲ್ಲ. ಪ್ರಶ್ನೆಗೆ ಅಧಿಕಾರಿ ಸುಮ್ಮನಾದರೆ ದೊಡ್ಡಪ್ಪ 'ಉತ್ತರ ಬರಲಿಲ್ಲ' ಎಂದು ಬರೆಯುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು, ಟೈಪು ಮಾಡಿದ ಕರಡಿನಲ್ಲಿ ಒಂದು ಸಾಲು ಖಾಲಿ ಬಿಡುತ್ತಿದ್ದರು.

"ಹೆಂಡತಿ ಮಕ್ಕಳಿರೋ ಮನುಷ್ಯರು. ತಡವರಿಸಿದ್ದನ್ನೂ ಅಚ್ಚು ಹಾಕ್ಬೇಕಾ?" ಎನ್ನುತ್ತಿದ್ದರು.

ಆ ಖಾಲಿ ಸಾಲುಗಳು ನನಗೆ ಇಷ್ಟವಾಗಿದ್ದವು. ಇಡೀ ಕಟ್ಟಡದಲ್ಲಿ ಮೌನಕ್ಕೆಂದು ಜಾಗ ಬಿಟ್ಟವರು ಅವರೊಬ್ಬರೇ ಎಂದುಕೊಂಡಿದ್ದೆ.

ಅವರ ನಿವೃತ್ತಿಗೆ ಹನ್ನೆರಡು ದಿನ ಉಳಿದಿತ್ತು. ಅದೇ ತಿಂಗಳು ಹೊಸ ನಿಯಮವೂ ಬಂದಿತ್ತು: ಸಮಿತಿಯ ನಡವಳಿಯನ್ನು ಇನ್ನು ಮುಂದೆ ಯಾರು ಬೇಕಾದರೂ ಓದುವಂತೆ ಪ್ರಕಟಿಸಬೇಕು. ಮೊದಲ ಕಂತು ಸೋಮವಾರಕ್ಕೆ ಹೋಗಬೇಕಿತ್ತು. ಕರಡು ಮೊದಲು ಆಯಾ ಇಲಾಖೆಗೆ ಹೋಗುತ್ತದೆ. ಭಾಷೆಯ ತಪ್ಪು ತಿದ್ದಿ ಅವರು ಒಂದು ವಾರದಲ್ಲಿ ವಾಪಸು ಕಳಿಸಿದ್ದನ್ನು ನಾವು ಸಂಪುಟವಾಗಿ ಕಟ್ಟಿಡುತ್ತೇವೆ. ಹಾಗೆ ವಾಪಸು ಬಂದ ಆರೋಗ್ಯ ಇಲಾಖೆಯ ಕರಡನ್ನು ನಾನು ದೊಡ್ಡಪ್ಪನ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡುತ್ತಿದ್ದೆ.

ಲಸಿಕೆ ಇಡಲು ಕೊಂಡ ಹನ್ನೆರಡು ಫ್ರಿಜ್‌ಗಳಲ್ಲಿ ಎಷ್ಟು ಆಸ್ಪತ್ರೆ ತಲುಪಿವೆ ಎಂದು ಸಮಿತಿಯ ಅಧ್ಯಕ್ಷೆ ಕೇಳಿದ್ದರು. ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಇತ್ತು. ಕರಡಿನ ಖಾಲಿ ಸಾಲಿನಲ್ಲಿ ಮಾತ್ರ ಅಚ್ಚುಕಟ್ಟಾಗಿ ಟೈಪಾಗಿತ್ತು: 'ಎಲ್ಲವೂ ತಲುಪಿವೆ.'

ತಂದು ತೋರಿಸಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು.

"ಅಳತೆ ತೊಗೊಂಡು ಹೊಲಿದಿದಾನೆ ನೋಡು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."

ನಗಲಿಲ್ಲ ನಾನು. ಹೋಗುವ ಕಾಲಕ್ಕೆ ಈ ಮನುಷ್ಯ ತಲೆತಗ್ಗಿಸಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. "ದೊಡ್ಡಪ್ಪ, ಇದೊಂದನ್ನ ಹೊಡೆದುಹಾಕಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಇದೊಂದೇ ಅಂತ ನಿನಗ್ಯಾರು ಹೇಳಿದ್ರು?"

ಮೂವತ್ತೊಂದು ವರ್ಷ ಅವರು ಖಾಲಿ ಸಾಲು ಬಿಟ್ಟಿದ್ದರು. ಭಾಷೆಯ ತಿದ್ದುಪಡಿ ತಾನೇ ಎಂದು ನಂಬಿ, ವಾಪಸು ಬಂದದ್ದನ್ನು ಎಂದೂ ತಾಳೆ ನೋಡಿರಲಿಲ್ಲ. ತಾಳೆ ನೋಡುವ ಪದ್ಧತಿ ಶುರುವಾದದ್ದೇ ನಾನು ಬಂದ ಮೇಲೆ, ನನಗೆ ಕಲಿಸಲೆಂದು.

"ಅಧ್ಯಕ್ಷೆಗೆ ಹೇಳಿದ್ರೆ ನಿಮ್ಮ ಅಷ್ಟೂ ಸಂಪುಟಗಳ ಮೇಲೆ ಅನುಮಾನ ಬರುತ್ತೆ."

"ಬರಲಿ ಬಿಡು. ನನಗೇ ಬಂದಿದೆ." ಎದ್ದು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ನೀನೂ ಬಾ. ನಾನು ತಡವರಿಸಿದ್ರೆ ಮುಂದಿನದು ನೀನು ಹೇಳು."

ಅಧ್ಯಕ್ಷೆ ಹಿಂದೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಯಾರ ಮಾತನ್ನೂ ಅರ್ಧಕ್ಕೆ ತಡೆಯುತ್ತಿರಲಿಲ್ಲ. ದೊಡ್ಡಪ್ಪ ಕರಡನ್ನೂ ನೋಟ್‌ಬುಕ್ಕನ್ನೂ ಮುಂದಿಟ್ಟು, ನಿಂತುಕೊಂಡೇ ಎಲ್ಲ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಕೈ ಮಾತ್ರ ಮೇಜಿನ ಅಂಚನ್ನು ಬಿಡಲಿಲ್ಲ.

"ಎಷ್ಟು ವರ್ಷದಿಂದ?" ಎಂದು ಕೇಳಿದರು ಆಕೆ.

"ಸೇರಿದಾಗಿನಿಂದ, ಮೇಡಂ."

"ನೀವು ಇನ್ನೊಬ್ಬರ ಮಾನ ಉಳಿಸೋಕೆ ಹೋಗಿ ನಮ್ಮ ಪ್ರಶ್ನೆ ಕೊಂದಿದೀರಿ."

"ಹೌದು, ಮೇಡಂ."

ಅಧ್ಯಕ್ಷೆ ಬೈಯುತ್ತಾರೆಂದು ಕಾದೆ. ಆಕೆ ಬೆಲ್ ಒತ್ತಿ ಕಾರ್ಯದರ್ಶಿಯನ್ನು ಕರೆಸಿ, ಮರುದಿನ ಅದೇ ಅಧಿಕಾರಿ ಬರಬೇಕೆಂದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಬರೆಯೋದು ನೀವೇ," ಎಂದರು.

ಮರುದಿನ ಅಧಿಕಾರಿ ಬಂದರು. ಅದೇ ಪ್ರಶ್ನೆ. ಅವರು ನೀರು ಕುಡಿದರು, ಕಡತ ತಿರುವಿದರು, ಅಭ್ಯಾಸಬಲದಿಂದ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ತಲೆ ಎತ್ತದೆ ಬರೆದರು: 'ಉತ್ತರ ಬರಲಿಲ್ಲ.' ಪೆನ್ಸಿಲ್ ಓಡಿದ ಸದ್ದು ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಐದು," ಎಂದರು ಅಧಿಕಾರಿ. "ಐದು ತಲುಪಿವೆ. ಉಳಿದ ಏಳು ಕಂಪನಿಯಿಂದ ಬಂದೇ ಇಲ್ಲ. ಹಣ ಪೂರ್ತಿ ಹೋಗಿದೆ."

ಅದನ್ನೂ ಬರೆದರು.

ಹಳೆಯ ಸಂಪುಟಗಳನ್ನೆಲ್ಲ ನೋಟ್‌ಬುಕ್‌ಗಳೊಂದಿಗೆ ತಾಳೆ ನೋಡಬೇಕೆಂದು ಸಮಿತಿ ಆದೇಶಿಸಿತು. ಆ ಶೀಘ್ರಲಿಪಿಯನ್ನು ಬೇರೆ ಯಾರೂ ಸಲೀಸಾಗಿ ಓದಲಾರರು. ನಿವೃತ್ತಿಯಾದ ಮರುದಿನ ಹತ್ತು ಗಂಟೆಗೆ ಸರಿಯಾಗಿ ದೊಡ್ಡಪ್ಪ ದಾಖಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಸಂಬಳ ಇಲ್ಲ, ದೊಡ್ಡಪ್ಪ."

"ಗೊತ್ತು ಕಣಮ್ಮ. ನಿಮ್ಮ ದೊಡ್ಡಮ್ಮ ಬೆಳಿಗ್ಗೆಯಿಂದ ಅದನ್ನೇ ಹೇಳಿ ಕಳಿಸಿದಾಳೆ. ಏಣಿ ಗಟ್ಟಿಯಾಗಿ ಹಿಡ್ಕೋ."

ಅವರು ಮೇಲೆ ಹತ್ತಿ ತಮ್ಮ ಮೊದಲ ವರ್ಷದ ಸಂಪುಟಕ್ಕೆ ಕೈ ಹಾಕಿದರು.