ಇಳಿಸಿದ ಶ್ರುತಿ

ಬಿಗಿ ಎಂದರೇನು, ಸಡಿಲ ಎಂದರೇನು ಎಂಬುದನ್ನು ಹೊಲಿಗೆ ಯಂತ್ರ ರಿಪೇರಿ ಮಾಡುವವನ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾರ ತುಸು ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಸಡಿಲವಾದರೆ ಹೊಲಿಗೆ ಕುಣಿಕೆ ಕುಣಿಕೆಯಾಗಿ ಜೋತುಬೀಳುತ್ತದೆ. ಅವನು ವಾರವೆಲ್ಲ ಅಂಗಡಿಯಲ್ಲಿ ಕೂತು ಇವೆರಡರ ನಡುವಿನ ಆ ಇಷ್ಟೇ ಇಷ್ಟು ಜಾಗವನ್ನು ಹುಡುಕುತ್ತಿದ್ದ. ವಾರದ ಕೊನೆಗೆ ಗಿಟಾರನ್ನು ಹೆಗಲಿಗೇರಿಸಿ ತಂಡದ ಜೊತೆ ಯಾವುದಾದರೊಂದು ಊರಿಗೆ ಹೊರಡುತ್ತಿದ್ದ. ಅಲ್ಲಿಯೂ ಅದೇ ಹುಡುಕಾಟ. ಆದರೆ ಅಲ್ಲಿ ಅವನು ಒಂದು ಮೋಸ ಮಾಡುತ್ತಿದ್ದ.

ತಂಡವೆಂದರೆ ನಾಲ್ಕು ಜನ. ಹಾಡುವವನು ಅವನ ಹೆಂಡತಿಯ ಅಣ್ಣ, ಅವನಿಗೆ ಭಾವ. ಹಗಲು ಬಸ್ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡಲಿದೆ ಎಂದು ಮೈಕಿನಲ್ಲಿ ಹೇಳುವುದು ಭಾವನ ನೌಕರಿ. ಬೇಸ್ ಗಿಟಾರ್ ಹೆಂಡತಿಯದು. ಡ್ರಮ್ಸ್ ಬಾರಿಸುವವನೇ ವ್ಯಾನನ್ನೂ ಓಡಿಸುತ್ತಿದ್ದ. ಎರಡಕ್ಕೂ ಅವನ ಕೈ ಒಂದೇ ಎಂದು ಉಳಿದವರು ಛೇಡಿಸುತ್ತಿದ್ದರು. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಡಬ್ಬ ಎಂದು. ತಾವೇ ಕಟ್ಟಿದ ಹಾಡುಗಳನ್ನಲ್ಲದೆ ಬೇರೆಯವರದನ್ನು ಅವರು ಹಾಡಿದವರಲ್ಲ. ಹಳೆಯ ಸಿನಿಮಾ ಮಂದಿರ, ಕಾಲೇಜಿನ ಊಟದ ಹಾಲ್, ಹೋಟೆಲಿನ ಹಿಂದಿನ ಕೋಣೆ, ಎಲ್ಲೆಲ್ಲಿ ಒಂದಿಷ್ಟು ಜನ ಕಿವಿ ಕೊಡುತ್ತಾರೋ ಅಲ್ಲೆಲ್ಲ ಹೋಗಿದ್ದರು.

ಅವರಿಗೆ ಹೆಸರು ತಂದ ಹಾಡೊಂದಿತ್ತು. ಪ್ರವಾಹದಲ್ಲಿ ದೋಣಿ ನಡೆಸುವವನ ಹಾಡು. ಅದರ ಕೊನೆಯ ಚರಣದಲ್ಲಿ ದೋಣಿಯವನು ಕಾಣದ ದಡವನ್ನು ಕೂಗಿ ಕರೆಯುತ್ತಾನೆ: ‘ದಡವೇ, ಓ ದಡವೇ.’ ಭಾವನ ಕಂಠ ಆ ಕೂಗಿಗೆ ಏರಿದಾಗ ಲೋಟ ಹಿಡಿದವರು ಲೋಟವನ್ನು ಕೆಳಗಿಡುತ್ತಿದ್ದರು. “ಆ ದಡ ಕೈಗೆ ಸಿಗದ ದಿನ ನಾನು ಮೈಕ್ ಮುಟ್ಟೋದಿಲ್ಲ ಕಣೋ” ಎಂದು ಭಾವ ಆಗಾಗ ಹೇಳುವುದಿತ್ತು. ಜಂಬದ ಮಾತಲ್ಲ ಅದು, ಮುಂಗಡವಾಗಿ ಕೊಟ್ಟ ರಾಜೀನಾಮೆ.

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಭಾವನ ಗಂಟಲು ಕೆಟ್ಟಿತು. ವಾಸಿಯೂ ಆಯಿತು. ಆದರೆ ದಡ ಮಾತ್ರ ವಾಪಸು ಬರಲಿಲ್ಲ. ಮೂರು ಸಲ ಅಭ್ಯಾಸಕ್ಕೆ ಕೂತು ಮೂರು ಸಲವೂ ಆ ಜಾಗದಲ್ಲಿ ಕೆಮ್ಮಿದಂತೆ ನಟಿಸಿ ಎದ್ದುಹೋದ. ಮುಂದಿನ ಕಾರ್ಯಕ್ರಮದ ಸಂಜೆ, ಭಾವ ಬರುವ ಮೊದಲೇ, ಅವನು ಗಿಟಾರಿನ ಬಿರಡೆಗಳನ್ನೆಲ್ಲ ಸಡಿಲಿಸಿ ಶ್ರುತಿಯನ್ನು ಅರ್ಧ ಮನೆ, ಹಾರ್ಮೋನಿಯಮ್ಮಿನ ಒಂದು ಕೀಲಿಯಷ್ಟು, ಕೆಳಗಿಳಿಸಿದ; ಹೆಂಡತಿಯೂ ಮಾತಿಲ್ಲದೆ ತನ್ನದನ್ನು ಇಳಿಸಿದಳು. ಗಿಟಾರ್ ಕೊಟ್ಟ ಶ್ರುತಿಯನ್ನೇ ಹಿಡಿದು ಹಾಡುವ ಭಾವನಿಗೆ ಗೊತ್ತಾಗಲಿಲ್ಲ. ದಡ ಸಿಕ್ಕಿತು. ವೇದಿಕೆಯಿಂದ ಇಳಿದವನೇ ಭಾವ ಬೆವರಿನ ಮೈಯಲ್ಲೇ ಅವನನ್ನು ತಬ್ಬಿಕೊಂಡ. “ಗಂಟಲು ವಾಪಸ್ ಬಂತು ಕಣೋ! ಹೋಗಿತ್ತು ಅಂದ್ಕೊಂಡಿದ್ದೆ, ಬಂದ್ಬಿಡ್ತು!”

ಅಂಥ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳೋಣವೆಂದುಕೊಂಡ. ನಾಳೆಗಳು ಕಳೆದವು, ಕಂಠ ಇನ್ನಷ್ಟು ಬಳಲಿತು, ಇನ್ನರ್ಧ ಮನೆ ಇಳಿಸಿದ್ದಾಯಿತು, ಆಮೇಲೆ ಇನ್ನರ್ಧ, ಮತ್ತೂ ಅರ್ಧ. ಸತ್ಯ ಹೇಳುವ ದಿನವೂ ಪ್ರತಿ ಸಲ ಅಷ್ಟಷ್ಟೇ ದೂರ ಸರಿಯಿತು. ಡಬ್ಬನಿಗೂ ಇದು ಗೊತ್ತಿತ್ತು. “ನನ್ನ ಡ್ರಮ್ಮಿಗೆ ಶ್ರುತಿ ಇಲ್ಲ. ಹಾಗಾಗಿ ಪಾಪಾನೂ ಇಲ್ಲ” ಎಂದು ಕೈತೊಳೆದುಕೊಂಡಿದ್ದ. ಅದೃಷ್ಟಕ್ಕೆ ಭಾವ ತನ್ನ ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತಲೇ ಇರಲಿಲ್ಲ. ಅದು ಉಂಡ ತಟ್ಟೆಯನ್ನು ನೆಕ್ಕಿದ ಹಾಗೆ ಎನ್ನುತ್ತಿದ್ದ.

ಆ ಸಂಜೆ ಅವರು ಹೋದದ್ದು ಬಣ್ಣದ ಅಂಗಡಿಯ ಮೇಲಿನ ಹಾಲಿಗೆ. ಮೆಟ್ಟಿಲು ಹತ್ತುವಾಗಲೇ ಟರ್ಪೆಂಟೈನಿನ ವಾಸನೆ. ಅವರು ಮೊದಲು ಹಾಡಿದ್ದೂ ಅಲ್ಲಿಯೇ. ಹಾಲಿನ ಯಜಮಾನಿ ಬಾಗಿಲಲ್ಲೇ ನಿಂತು ನಗುತ್ತಿದ್ದಳು.

“ಅಣ್ಣ, ನಿಮಗೊಂದು ಆಶ್ಚರ್ಯ ಇಟ್ಟಿದೀನಿ ಇವತ್ತು.”

“ಹೊಸ ಫ್ಯಾನಾ?” ಎಂದ ಭಾವ.

“ಅದಕ್ಕೆ ನಾನು ಇನ್ನೊಂದು ಜನ್ಮ ಎತ್ತಬೇಕು!”

ವೇದಿಕೆಯ ಪಕ್ಕದ ಸಾಮಾನು ಕೋಣೆಯಲ್ಲಿ, ಮಡಿಸಿಟ್ಟ ಕುರ್ಚಿಗಳ ನಡುವೆ, ನಾಲ್ವರೂ ಕೂತರು. ಭಾವ ಫ್ಲಾಸ್ಕಿನ ಬಿಸಿನೀರನ್ನು ಗುಟುಕರಿಸುತ್ತಿದ್ದ. ಹೊರಗೆ ಕುರ್ಚಿಗಳ ಸದ್ದು, ಜನ ಒಬ್ಬೊಬ್ಬರಾಗಿ ಬರುತ್ತಿದ್ದ ಸದ್ದು. ಅಷ್ಟರಲ್ಲಿ ಸ್ಪೀಕರಿನಲ್ಲಿ ಕರಕರ ಸದ್ದಾಗಿ ಒಂದು ಗಿಟಾರ್ ನುಡಿಯಿತು. ಅವನದೇ ಗಿಟಾರ್. ಅದರ ಹಿಂದೆಯೇ ಭಾವನ ಕಂಠ, ಎಳೆಯದು, ಈಗತಾನೆ ಸಾಣೆ ಹಿಡಿದಂಥದು. ಇದೇ ಹಾಲಿನಲ್ಲಿ ಅಂದು ಯಾರೋ ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟು.

ಭಾವನ ಮುಖ ಅರಳಿತು. ತನ್ನ ನಿಯಮವನ್ನು ಮರೆತು, ಕಣ್ಣು ಮುಚ್ಚಿ, ಆ ಕಂಠದ ಜೊತೆ ತಾನೂ ಗುನುಗತೊಡಗಿದ. ಎರಡು ಸಾಲು ಹೋದಮೇಲೆ ಹುಬ್ಬು ಗಂಟಿಕ್ಕಿತು. ದಡದ ಕೂಗು ಬಂದಾಗ ಅವನ ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ.

“ಏನೋ ಇದು, ಇಷ್ಟು ಮೇಲಿದೆ?”

“ಕ್ಯಾಸೆಟ್ ಹಳೇದು ಭಾವ” ಎಂದನವನು, ಗಿಟಾರಿನಿಂದ ತಲೆ ಎತ್ತದೆ. “ಮೋಟಾರು ಜೋರಾಗಿ ಓಡ್ತಿದೆ. ಜೋರಾಗಿ ಓಡಿದ್ರೆ ಶ್ರುತಿ ಏರತ್ತೆ.”

“ಹೌದಾ?”

“ಹೂಂ.”

ಭಾವ ನಂಬಲು ಸಿದ್ಧನಿದ್ದ. ನಂಬಬೇಕೆಂದು ಹಂಬಲಿಸುತ್ತಿದ್ದ. ಆದರೆ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವವನ ಒಳಗೊಂದು ಗಡಿಯಾರವಿತ್ತು. ಹಾಡಿನ ನಡಿಗೆ ಜೋರಾಗಿಲ್ಲವೆಂದು ಅದು ಹೇಳಿರಬೇಕು. ಫ್ಲಾಸ್ಕನ್ನು ಕೆಳಗಿಟ್ಟು, ಅವನ ಗಿಟಾರಿನ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಆ ಸ್ವರವನ್ನು ಬಾಯಲ್ಲಿ ಹಿಡಿದುಕೊಂಡು ಎದ್ದುಹೋದ. ತುಂಬಿದ ಲೋಟ ಹಿಡಿದವನು ನಡೆಯುವಂತೆ ನಡೆದ. ವೇದಿಕೆಯ ಮೇಲೆ, ಮೊದಲು ಹಾಡಲಿದ್ದ ಬೇರೆ ತಂಡದವರ ಕೀಬೋರ್ಡ್ ಇತ್ತು. ಪರದೆಯ ಸಂದಿಯಲ್ಲಿ ಮೂವರೂ ನೋಡಿದರು. ಭಾವ ಆ ತಂತಿಯ ಸ್ವರವಿರಬೇಕಾದ ಕೀಲಿ ಒತ್ತಿದ. ಅದರ ಕೆಳಗಿನ ಪಕ್ಕದ್ದನ್ನು ಒತ್ತಿದ. ಮತ್ತೆ ಅದರ ಪಕ್ಕದ್ದನ್ನು. ಕತ್ತಲ ಮನೆಯಲ್ಲಿ ಗೋಡೆ ತಡವುತ್ತ ಸ್ವಿಚ್ಚು ಹುಡುಕುವವನಂತಿದ್ದ. ಸಿಕ್ಕಿತು. ಸಿಕ್ಕಮೇಲೂ ಅದೊಂದನ್ನೇ ಮತ್ತೆ ಮತ್ತೆ ಒತ್ತಿದ.

ವಾಪಸು ಬಂದು ಕುರ್ಚಿಯಲ್ಲಿ ಕೂತ.

“ಎಷ್ಟು ಇಳಿಸಿದೀರಿ?”

ಅವನು ಗಿಟಾರಿನ ತಂತಿಗಳನ್ನು ಒರೆಸತೊಡಗಿದ.

“ನಿನ್ನನ್ನೇ ಕೇಳ್ತಿರೋದು.”

“ಎರಡು ಮನೆ, ಭಾವ.”

“ಒಂದೇ ಸಲಕ್ಕಾ?”

“ಇಲ್ಲ. ಅರ್ಧರ್ಧ.”

ಭಾವ ನಕ್ಕ. “ಮಗೂಗೆ ಎದೆಹಾಲು ಬಿಡಿಸೋ ಹಾಗೆ.”

“ಅಣ್ಣಾ, ನೀನು ಹಾಡ್ತಾ ಇರ್ಲಿ ಅಂತ ತಾನೆ…” ಎಂದಳು ತಂಗಿ.

“ನಾನೆಲ್ಲೇ ಹಾಡ್ತಿದ್ದೆ? ನೀವು ಹಾಡಿಸ್ತಿದ್ರಿ. ಹಾಡ್ತಿದೀನಿ ಅಂತ ನಾನೊಬ್ನೇ ಅಂದ್ಕೊಂಡಿದ್ದೆ.”

“ಜನಕ್ಕೇನು ವ್ಯತ್ಯಾಸ ಗೊತ್ತಾಗತ್ತೆ ಬಿಡಿ ಅಣ್ಣ” ಎಂದು ಡಬ್ಬ ಮಾತು ತೇಲಿಸಲು ನೋಡಿದ. ಭಾವ ಅವನ ಕಡೆ ತಿರುಗಿದ್ದೇ ತಡ, ಡಬ್ಬ ಡ್ರಮ್ಮಿನ ಕಡ್ಡಿಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ.

“ಏರಿಸು” ಎಂದ ಭಾವ.

“ಭಾವ, ಇವತ್ತು ಬೇಡ. ಮನೇಲಿ ಕೂತು ನಿಧಾನಕ್ಕೆ…”

“ಏರಿಸು ಅಂದೆ.”

ಅವನು ಏರಿಸಿದ, ಹೆಂಡತಿಯೂ ತನ್ನದನ್ನು ಏರಿಸಿದಳು. ವರ್ಷಗಟ್ಟಲೆ ಸಡಿಲಕ್ಕೆ ಒಗ್ಗಿಹೋದ ಬಿರಡೆಗಳು ಕಿರುಗುಟ್ಟಿದವು. ತಂತಿ ತುಂಡಾದರೆ ಸಾಕು, ಇವತ್ತಿಗೆ ಇದು ತಪ್ಪುತ್ತದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸಣ್ಣ ತಂತಿಯನ್ನು ಬೇಕೆಂದೇ ಒರಟಾಗಿ ತಿರುಗಿಸಿದ. ತುಂಡಾಗಲಿಲ್ಲ. ಬೇಡದ ಹೊತ್ತಿನಲ್ಲಿ ಅದು ಬಲು ಗಟ್ಟಿಯಾಗಿತ್ತು.

ತಮ್ಮ ಸರದಿಗೆ ವೇದಿಕೆ ಹತ್ತಿದಾಗ ಭಾವ ಬೇರೆ ಯಾವ ಹಾಡನ್ನೂ ಮೊದಲಿಗೆ ಒಪ್ಪಲಿಲ್ಲ. ದೋಣಿಯವನ ಹಾಡೇ. ಚರಣಗಳನ್ನು ಹುಷಾರಾಗಿ, ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ಹೊಳೆ ದಾಟುವವನಂತೆ ಹಾಡಿದ. ದಡ ಬಂತು. ಭಾವ ತಲೆ ಹಿಂದಕ್ಕೆಸೆದು ಕೂಗಿದ. ಹೊಸ ಬಟ್ಟೆ ಮೊಳೆಗೆ ಸಿಕ್ಕಿ ಹರಿದಂಥ ಸದ್ದು. ಆಮೇಲೆ ಬರೀ ಗಾಳಿ.

ಅದು ದೋಣಿಯವನ ದುಃಖವೆಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಹಾಲಿನಲ್ಲಿ ಅವರಿಗೆ ಹಿಂದೆಂದೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಅವನು ಗಿಟಾರಿನ ಹಿಂದೆ ಮುಖ ಮರೆಸಿಕೊಂಡು, ಅಭ್ಯಾಸಬಲದಿಂದ ಬಿರಡೆಗೆ ಕೈ ಹಾಕಿದ. ಭಾವ ಅದನ್ನು ನೋಡಿ ತಲೆಯಾಡಿಸಿ ಬೇಡವೆಂದ. ಎರಡನೆಯ ಹಾಡೂ ಹಳೆಯ ಶ್ರುತಿಯಲ್ಲೇ, ಮೂರನೆಯದೂ. ನಾಲ್ಕನೆಯದರ ಹೊತ್ತಿಗೆ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಉಳಿದದ್ದನ್ನು ಅವರು ಮಾತಿಲ್ಲದೆ, ಬರೀ ವಾದ್ಯಗಳಲ್ಲಿ ಮುಗಿಸಿದರು. ಭಾವ ಮೈಕಿನ ಮುಂದೆಯೇ ನಿಂತಿದ್ದ.

ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಹಿಂದಿರುಗಿದರು. ತನ್ನ ಬೀದಿಯ ತಿರುವಿನಲ್ಲಿ ಇಳಿದ ಭಾವ, ಬಸ್ಸಿಗೆ ಹೊರಡೆನ್ನುವಂತೆ, ವ್ಯಾನಿನ ಬೆನ್ನಿಗೆ ಎರಡು ಸಲ ತಟ್ಟಿದ.

ಮುಂದಿನ ವಾರ ಭಾವ ಅಭ್ಯಾಸಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮುಚ್ಚಿದ ಅಂಗಡಿಯೊಳಗೆ, ಬಿಚ್ಚಿಟ್ಟ ಹೊಲಿಗೆ ಯಂತ್ರಗಳ ನಡುವೆ, ಮೂವರು ಕೂತು ಎದ್ದರು. ಹೆಂಡತಿ ಅಣ್ಣನ ಮನೆಗೆ ಹೋಗಿ ಬಂದಳು.

“ಬೈದ್ರಾ?”

“ಬೈದಿದ್ರೆ ಸಮಾಧಾನ ಆಗ್ತಿತ್ತು. ಟೀ ಮಾಡಿಕೊಟ್ಟ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂದ.” ಚಪ್ಪಲಿ ಬಿಡುತ್ತ ಹೇಳಿದಳು: “ಮೊದಲ್ನೇ ದಿನಾನೇ ಹೇಳ್ಬೇಕಿತ್ತು ನೀವು.”

“ಅಣ್ಣ ನಿನ್ನವನು.”

“ಬಿರಡೆಗೆ ಕೈ ಹಾಕಿದ್ದು ನೀವು.”

ಗಿಟಾರ್ ಗೋಡೆಯಲ್ಲಿ ಹಳೆಯ ಶ್ರುತಿಯಲ್ಲೇ ತೂಗುತ್ತಿತ್ತು. ಇಳಿಸಿದರೆ ಮತ್ತೆ ಅದೇ ಮೋಸ. ಹಾಗೇ ಬಿಟ್ಟರೆ ಬಾರದವನಿಗೆ ಹಾಕಿಟ್ಟ ಕುರ್ಚಿ.

ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಗಿಟಾರ್ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಗಾಜಿನ ಗೂಡು ಕಂಡೊಡನೆ ಚೆಲ್ಲಾಪಿಲ್ಲಿಯಾದವು. ಗೂಡಿನ ಎದುರಿನ ಬೆಂಚಿನಲ್ಲಿ, ಗಂಟು ಹಿಡಿದ ಹೆಂಗಸೊಬ್ಬಳ ಪಕ್ಕ, ಕೂತ. ಗಾಜಿನ ಮೇಲೆ ಬಿಸಿಲು ಬಿದ್ದು ಒಳಗಿನ ಮುಖ ಕಾಣಿಸುತ್ತಿರಲಿಲ್ಲ. ಧ್ವನಿ ಮಾತ್ರ ತಲೆಯ ಮೇಲಿನ ಸ್ಪೀಕರಿನಿಂದ ಬಂತು.

“ಬಂದರಿಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ.”

ಬಳಲಿದ, ತಗ್ಗಿದ, ಯಾರಿಗೂ ಏನನ್ನೂ ಸಾಧಿಸಿ ತೋರಿಸಬೇಕಾಗಿಲ್ಲದ ಧ್ವನಿ. ಇಷ್ಟು ವರ್ಷ ಅದನ್ನು ಕೂಗಿಗಾಗಿ ಕೇಳಿದ್ದನೇ ಹೊರತು ಮಾತಿಗಾಗಿ ಅವನು ಕೇಳಿರಲೇ ಇಲ್ಲ. ಗಿಟಾರನ್ನು ಚೀಲದಿಂದ ತೆಗೆದ. ಎಲ್ಲರೂ ನೋಡುತ್ತಿರುವಂತೆ, ದಪ್ಪ ತಂತಿಯನ್ನು ಮೀಟುತ್ತ ಬಿರಡೆಯನ್ನು ಸಡಿಲಿಸತೊಡಗಿದ. ಅರ್ಧ ಮನೆ. ಒಂದು. ಎರಡು. ಧ್ವನಿ ಅದಕ್ಕಿಂತಲೂ ಕೆಳಗಿತ್ತು. ಇನ್ನೂ ಇಳಿಸಿದ. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಅದರ ಸದ್ದಿನಲ್ಲಿ ಧ್ವನಿಯ ಗುರುತೂ ಕಿವಿಯಿಂದ ಜಾರಿತು. ಅವನು ಬಿರಡೆ ಹಿಡಿದು ಸ್ಪೀಕರಿನತ್ತ ತಲೆ ಎತ್ತಿದ.

ಸ್ಪೀಕರ್ ಮತ್ತೆ ಕರಕರ ಎಂದಿತು. ಗಾಜಿನ ಹಿಂದೆ ನೆರಳೊಂದು ಬೆಂಚಿನ ಕಡೆ ಬಾಗಿತು.

“ಬಂದರಿಗೆ ಹೋಗುವ ಬಸ್ಸು,” ಎಂದಿತು ಅದೇ ಧ್ವನಿ, ಮೊದಲಿಗಿಂತ ನಿಧಾನವಾಗಿ, “ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ.”

“ಅಯ್ಯೋ, ಅದು ಆಗ್ಲೇ ಹೋಯ್ತಲ್ಲಪ್ಪಾ!” ಪಕ್ಕದ ಹೆಂಗಸು ಖಾಲಿ ಜಾಗವನ್ನು ನೋಡಿ ಗೊಣಗಿದಳು. “ಹೋದ ಬಸ್ಸನ್ನ ಯಾರಿಗೆ ಅಂತ ಕೂಗ್ತಾನೆ ಇವ್ನು?”

ತಂತಿ ಇನ್ನೂ ಕೂದಲೆಳೆಯಷ್ಟು ಮೇಲಿತ್ತು. ಅವನು ಬಿರಡೆ ತಿರುಗಿಸಿದ.