ಕನ್ನಡಿಯಂಥ ಸಿಲಿಂಡರ್

ಊಟದ ಮೇಜು ಊಟಕ್ಕೋ ಮೋಟರಿಗೋ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಮನುಷ್ಯ ನೆಲ ಬಿಟ್ಟು ಮೇಜಿಗೇರಿದ ಮೇಲೆ ಇಷ್ಟು ದೊಡ್ಡ ಬಿಕ್ಕಟ್ಟು ಒದಗಿದ್ದೇ ಇಲ್ಲವೇನೋ ಎಂಬ ಗಾಂಭೀರ್ಯದಿಂದ ಕನ್ನಡಕದ ಅಂಗಡಿಯವನ ಮನೆಯಲ್ಲಿ ಅದರ ವಿಚಾರಣೆ ನಡೆಯಿತು. ವಾದಿ ಹೆಂಡತಿ, ಪ್ರತಿವಾದಿ ಗಂಡ, ಸಾಕ್ಷಿ ಗ್ರೀಸು. ಹಳೆಯ ಬೆಡ್‌ಶೀಟು ಹಾಸಿ, ಮೋಟರಿಗೆ ಮುಕ್ಕಾಲು ಮೇಜು, ಮನುಷ್ಯರಿಗೆ ಕಾಲು ಮೇಜು ಎಂದು ತೀರ್ಪಾಯಿತು.

ಮೋಟರೆಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವಂಥದ್ದು. ಮೇಲೆ ಎಂಜಿನ್ನು, ಅದಕ್ಕೊಂದು ಉದ್ದನೆಯ ಕಾಲು, ಕಾಲಿನ ತುದಿಗೆ ಫ್ಯಾನು. ದೋಣಿಯೂ ಮೋಟರೂ ಮಾವನವು. ಹೋಗುವಾಗ ಮಗನಿಗೂ ಮಗಳಿಗೂ ಒಟ್ಟಿಗೆ ಬಿಟ್ಟು ಹೋಗಿದ್ದರು. ಅಂದಿನಿಂದ ದೋಣಿ ಕೆರೆಯ ದಡದಲ್ಲಿ ಬೋರಲು ಮಲಗಿತ್ತು. ಈಗ ರಸ್ತೆ ತಿರುವಿನ ಹೋಟೆಲಿನವನು ಅದನ್ನು ಕೇಳಿದ್ದ. ಬಾಗಿಲ ಮುಂದಿಟ್ಟು, ಮಣ್ಣು ತುಂಬಿ, ಹೂಗಿಡ ನೆಡುತ್ತಾನಂತೆ.

"ಓಡದೇ ಇರೋ ದೋಣೀನ ತಲೆ ಮೇಲೆ ಹೊತ್ಕೊಂಡು ತಿರುಗೋಕಾಗುತ್ತಾ?" ಅಂದ ಹೆಂಡತಿಯ ಅಣ್ಣ, ಅಂದರೆ ಭಾವ. "ಭಾನುವಾರದೊಳಗೆ ಮೋಟರ್ ಓಡಿದ್ರೆ ದೋಣಿ ನಮ್ದು. ಇಲ್ದಿದ್ರೆ ಹೂಕುಂಡ."

ಆ ದೋಣಿಯಲ್ಲೇ ಚುಕ್ಕಾಣಿ ಹಿಡಿಯಲು ಕಲಿತಿದ್ದ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಅದನ್ನು ನೋಡಿಯೇ ಕನ್ನಡಕದವನ ಬಾಯಿಂದ "ನಾನು ಓಡಿಸ್ತೀನಿ" ಎಂಬ ಮಾತು ಜಾರಿತು. ಜಾರಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಊರಿನವರ ಕಣ್ಣೊಳಗೆಲ್ಲ ಇಣುಕಿದ್ದನೇ ಹೊರತು ಎಂಜಿನ್ನಿನ ಒಳಗೆ ಒಮ್ಮೆಯೂ ಇಣುಕಿರಲಿಲ್ಲ.

"ರೀ, ಕನ್ನಡಕದ ಸ್ಕ್ರೂ ಅಕ್ಕಿಕಾಳಿನಷ್ಟಿರುತ್ತೆ. ಇದು ನೋಡಿ, ಹೆಬ್ಬೆರಳಿನಷ್ಟಿದೆ," ಅಂದಳು ಹೆಂಡತಿ.

"ಒಳ್ಳೇದೇ ಆಯ್ತು ಕಣೇ. ಬಿದ್ರೆ ಕಾಣುತ್ತೆ."

ಬಿಚ್ಚಿದ ಒಂದೊಂದು ಬೋಲ್ಟಿಗೂ ಒಂದೊಂದು ಕನ್ನಡಕದ ಡಬ್ಬಿ ಮೀಸಲಾಯಿತು. ಬಿಚ್ಚುತ್ತ ಹೋದಂತೆ ಅವನಿಗೆ ಹೂಕುಂಡವೂ ಮರೆತುಹೋಯಿತು, ಊಟವೂ ಮರೆತುಹೋಯಿತು. ಲೋಟದ ಗಾತ್ರದ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತದೆ, ಸರಿ. ಆದರೆ ದೋಣಿ ಮುಂದಕ್ಕೆ ಹೋಗುವುದು ಹೇಗೆ? ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಪಿಸ್ಟನ್ ಇಳಿಯಿತು, ಏರಿತು. ಕೆಳಗೆ ಫ್ಯಾನು ಸೋಮಾರಿಯಂತೆ ಸುತ್ತು ಹಾಕಿತು. ಇನ್ನೊಮ್ಮೆ ತಿರುಗಿಸಿದ. ಸಾರು ಆರಿತು.

ಪಿಸ್ಟನ್ನಿನ ಸುತ್ತ ಇದ್ದ ಉಕ್ಕಿನ ರಿಂಗುಗಳು ಮಸಿಯಲ್ಲಿ ಅಂಟಿ ಕುಳಿತಿದ್ದವು. ಹೊಸ ರಿಂಗು ತರಿಸಿದ. ಆಮೇಲೆ ಪಿಸ್ಟನ್ ಓಡಾಡುವ ಸಿಲಿಂಡರಿನೊಳಗೆ ಭೂತಗಾಜು ಹಿಡಿದು ನೋಡಿದರೆ, ಗೋಡೆಯ ಕೆಳಭಾಗದಲ್ಲಿ ಗೀರುಗಳು! ಒಂದರ ಮೇಲೊಂದು ಓರೆಯಾಗಿ ಹಾದುಹೋದ ನವಿರು ಗೀರುಗಳು. ಅವನ ಮೈ ಉರಿಯಿತು. ಗೀರು ಎಂದರೆ ಅವನ ಕಸುಬಿನ ಶತ್ರು. ಅರ್ಧ ಆಯುಸ್ಸು ಜನರ ಗಾಜಿನ ಮೇಲಿನ ಗೀರು ನೋಡಿ ಲೊಚಗುಟ್ಟುವುದರಲ್ಲೇ ಸವೆದಿತ್ತು.

"ಯಾವನೋ ಬೇಕೂಫ ಪಾತ್ರೆ ಉಜ್ಜೋ ನಾರಲ್ಲಿ ಉಜ್ಜಿದಾನೆ," ಎಂದು ಗೊಣಗುತ್ತ, ಅಂಗಡಿಯಿಂದ ಗಾಜು ಹೊಳಪಿಸುವ ಪುಡಿ ತಂದು ಉಜ್ಜಿದ. ಒಳಗೆ ಇಣುಕಿದರೆ ತನ್ನ ಮೂಗು ನಾಲ್ಕಾಗಿ ಕಾಣುವ ತನಕ ಉಜ್ಜಿದ.

"ನೋಡೇ, ಕನ್ನಡಿ!"

"ಹೌದ್ರೀ. ಬೈತಲೆ ತೆಗೀಬಹುದು."

ಶನಿವಾರ ಬೆಳಿಗ್ಗೆ ಹಿತ್ತಲಿನಲ್ಲಿ ನೀರು ತುಂಬಿದ ಡ್ರಮ್ಮಿನ ಅಂಚಿಗೆ ಮೋಟರನ್ನು ಬಿಗಿದರು. ಭಾವ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನ ಪ್ರೇಕ್ಷಕನಂತೆ ಕುಳಿತ. ಕನ್ನಡಕದವನು ಮೋಟರು ಚಾಲೂ ಮಾಡುವ ಹಗ್ಗ ಎಳೆದ. ರೀಲಿನಿಂದ ದಾರ ಬಂದಷ್ಟು ಸಲೀಸಾಗಿ ಬಂತು. ತೋಳು ಸೋಲುವವರೆಗೆ ಎಳೆದ ಮೇಲೆ ಮೋಟರು ಒಮ್ಮೆ ಕೆಮ್ಮಿ, ಒಂದು ಬೊಗಸೆ ಹೊಗೆ ಉಗುಳಿ, ಸುಮ್ಮನಾಯಿತು.

"ಶೀತ ಆಗಿರ್ಬೇಕು ಕನ್ನಡಕದೋರೇ," ಅಂದ ಭಾವ. "ಹೋಟೆಲಿನವನು ಯಾವ ಹೂವು ಹಾಕ್ಲಿ ಅಂತ ಕೇಳ್ತಿದ್ದ. ಗುಲಾಬಿ ಅಂದ್ಬಿಡ್ಲಾ?"

"ಅಣ್ಣಾ, ಭಾನುವಾರ ನಾಳೆ," ಅಂದಳು ತಂಗಿ.

ಕನ್ನಡಕದವನು ಡ್ರಮ್ಮಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಹಗ್ಗ ಅಷ್ಟು ಹಗುರವಾಗಿ ಯಾಕೆ ಬಂತು? ಒಳಗೆ ಪಿಸ್ಟನ್ನು ಗಾಳಿಯನ್ನು ಒತ್ತಬೇಕು. ಒತ್ತಿದರೆ ಕೈಗೆ ಬಿಗಿ ತಿಳಿಯಬೇಕು. ತಿಳಿಯಲಿಲ್ಲ ಎಂದರೆ ಗಾಳಿ ಎಲ್ಲೋ ನುಸುಳಿ ಹೋಗುತ್ತಿದೆ. ರಿಂಗು ಹೊಸದು. ಗೋಡೆಯ ಮೇಲೆ ಗೀರೆಂಬುದೇ ಇಲ್ಲ... ಇಲ್ಲಿಗೆ ಬಂದು ಅವನ ಯೋಚನೆ ಗಕ್ಕನೆ ನಿಂತಿತು. ಆ ಗೀರುಗಳು ಎರಡು ಕಡೆಯಿಂದಲೂ ಒಂದೇ ಅಳತೆಯ ಓರೆಯಲ್ಲಿ ಹಾದಿದ್ದವು. ಒಂದರಿಂದ ಒಂದಕ್ಕೆ ಒಂದೇ ಅಂತರ. ಬೇಕೂಫನ ಕೈ ಅಷ್ಟು ಅಚ್ಚುಕಟ್ಟಾಗಿ ಆಡುವುದುಂಟೇ?

ಭೂತಗಾಜು ಜೇಬಿಗೆ ಹಾಕಿಕೊಂಡು ಸ್ಕೂಟರ್ ರಿಪೇರಿಯವನ ಹತ್ತಿರ ಓಡಿದ. "ಹೊಸ ಸಿಲಿಂಡರ್ ಇದ್ರೆ ತೋರ್ಸಿ."

"ಯಾವ ಗಾಡಿಗೆ ಸಾರ್?"

"ಗಾಡಿಗಲ್ಲ. ಸುಮ್ನೆ ನೋಡೋಕೆ."

"ಮ್ಯೂಸಿಯಂ ಆ ಕಡೆ ರಸ್ತೇಲಿದೆ," ಎನ್ನುತ್ತಲೇ ರಿಪೇರಿಯವನು ಪೆಟ್ಟಿಗೆ ಬಿಚ್ಚಿ ಕೊಟ್ಟ. ಯಾರೂ ಮುಟ್ಟದ ಸಿಲಿಂಡರಿನೊಳಗೆ ಅದೇ ಓರೆ ಗೀರುಗಳು ಬಲೆ ನೆಯ್ದಂತೆ ಇದ್ದವು. ಅಂದರೆ ಬೇಕೆಂದೇ ಗೀರಿದ್ದು! ಆ ಗೀರಿನಲ್ಲಿ ಎಣ್ಣೆ ನಿಲ್ಲಬೇಕು, ಹೊಸ ರಿಂಗು ಆ ಒರಟಿಗೆ ಉಜ್ಜಿಕೊಂಡು ಗೋಡೆಗೆ ಒಗ್ಗಬೇಕು. ಅವನು ಮಾಡಿಟ್ಟ ಕನ್ನಡಿಯಲ್ಲಿ ರಿಂಗು ಸುಮ್ಮನೆ ಜಾರುತ್ತಿತ್ತು.

ಮೋಟರು ಮತ್ತೆ ಮೇಜಿಗೇರಿತು. ಕನ್ನಡಕದವನು ಎಮರಿ ಪೇಪರನ್ನು ಲಟ್ಟಣಿಗೆಗೆ ಸುತ್ತಿ, ಸಿಲಿಂಡರಿನ ಬಾಯಿಯವರೆಗೆ ಒಯ್ದ. ಕೈ ಮುಂದೆ ಹೋಗಲೊಲ್ಲದು. ಉಸಿರು ಬಿಟ್ಟು, ಮತ್ತೆ ಒಯ್ದ. ಊಹೂಂ.

"ಇಲ್ಲಿ ಕೊಡಿ," ಅಂದಳು ಹೆಂಡತಿ.

"ಮೆಲ್ಲಗೆ ಕಣೇ! ಒಳಗೆ ಹೊರಗೆ ಆಡಿಸ್ತಾ ತಿರುಗಿಸ್ಬೇಕು, ಹಾಗಾದ್ರೇ ಓರೆ ಬರೋದು. ಅಯ್ಯೋ!"

"ನೋಡೋಕಾಗದಿದ್ರೆ ಕನ್ನಡಕ ತೆಗೀರಿ."

ತೆಗೆದ. ಕರಕರ ಸದ್ದು ಮಾತ್ರ ಕೇಳಿಸಿಕೊಂಡ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಮೇಲೆ ಹಾಕಿಕೊಂಡು ನೋಡಿದರೆ, ರಿಪೇರಿಯವನ ಸಿಲಿಂಡರಿಗೆ ತಂಗಿಯಂತಿತ್ತು.

ಭಾನುವಾರ ಭಾವನ ಜೊತೆ ಹೋಟೆಲಿನವನೂ ಬಂದ, ದೋಣಿ ಅಳೆಯಲು ಟೇಪು ಹಿಡಿದುಕೊಂಡು. ಮತ್ತೆ ಡ್ರಮ್ಮಿಗೆ ಬಿಗಿದ ಮೋಟರಿನ ಹಗ್ಗಕ್ಕೆ ಕನ್ನಡಕದವನು ಕೈ ಹಾಕಿ ಎಳೆದ. ಈ ಸಲ ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಬಿಗಿಯಿತು. ಅವನು ಹೆಂಡತಿಯ ಮುಖ ನೋಡಿದ, ಕಾಲು ಗಟ್ಟಿಯಾಗಿ ಊರಿದ, ಮತ್ತೆ ಎಳೆದ. ಮೋಟರು ಕೆಮ್ಮಿತು, ಗೊರಕೆ ಹೊಡೆಯಿತು, ಆಮೇಲೆ ಕಿವಿ ಕಿತ್ತುಹೋಗುವಂತೆ ಶುರುವಾಗಿ ಡ್ರಮ್ಮಿನ ಅರ್ಧ ನೀರನ್ನು ಭಾವನ ಪ್ಯಾಂಟಿಗೆ ಎರಚಿತು. ನಿಲ್ಲಲಿಲ್ಲ.

ಭಾವ ಒದ್ದೆ ಪ್ಯಾಂಟಿನಲ್ಲೇ ಬಗ್ಗಿ ಕೂಗಿದ: "ಈ ತೂತಿಂದ ನೀರು ಯಾಕೆ ಚಿಮ್ತಿದೆ?"

"ಎಂಜಿನ್ ತಣ್ಣಗಿಡೋಕೆ! ಬಿಚ್ಚಿ ತೋರಿಸ್ಲಾ?"

"ಬೇಡ!" ಎಂದು ಅಣ್ಣ ತಂಗಿ ಒಟ್ಟಿಗೇ ಕಿರುಚಿದರು.

ದೋಣಿ ಮಾರಾಟವಾಗಲಿಲ್ಲ.