ಎರಡು ಮೀಟರ್ ತಂತಿ

ಗುಂಡು ಮುಟ್ಟಿತು, ಕೆಸರಾದರೆ ಮೆತ್ತಗೆ ಇಳಿಯುತ್ತದೆ, ಕಾಂಕ್ರೀಟಾದರೆ ಜಲ್ಲಿ ಗರಗರ ಎಂದು ಬೆರಳಿಗೆ ತಾಕುತ್ತದೆ, ಹನ್ನೊಂದು ವರ್ಷದಿಂದ ಬುಪ್ಪಾಳಿಗೆ ಇದೊಂದೇ ವಿದ್ಯೆ, ಟೇಪಿನ ತುದಿಯ ಸೀಸದ ಗುಂಡನ್ನು ಪೈಲಿನ, ಅಂದರೆ ಅಡಿಪಾಯದ ಕಂಬದ, ಕೆಸರು ತುಂಬಿದ ಕುಳಿಗೆ ಇಳಿಬಿಡುವುದು, ಮುಟ್ಟಿದ ಆಳವನ್ನು ಮೀಟರಿನಲ್ಲಿ ಕೂಗುವುದು, ಹತ್ತೊಂಬತ್ತು! ಎಂದು ಕೂಗಿದಳು, ಬೆಳಗ್ಗೆಯಷ್ಟೇ ಬಂದ ಇಂಜಿನಿಯರ್ ಪಕೋನ್ ಬರೆದುಕೊಂಡ, ಕ್ರೇನಿನವನಿಗೆ ಕೈ ಮಾಡಿದ, ಕಾಂಕ್ರೀಟ್ ಸುರಿಯುವ ಕೊಳವೆ ಮೇಲೆದ್ದು ಇಪ್ಪತ್ತೊಂದಕ್ಕೆ ನಿಂತಿತು, ಅದರ ಬಾಯಿ ಕಾಂಕ್ರೀಟಿನೊಳಗೆ ಎರಡು ಮೀಟರ್ ಹೂತಿರಲೇಬೇಕು, ಇಲ್ಲದಿದ್ದರೆ ಮೇಲಿನ ಕೆಸರು ಒಳನುಗ್ಗುತ್ತದೆ, ಹೂತಿದೆ, ಲೆಕ್ಕ ಸರಿ — ಅಯ್ಯೋ, ತಂತಿ! ಟೇಪಿಗೂ ಗುಂಡಿಗೂ ನಡುವೆ ಎರಡು ಮೀಟರ್ ತಂತಿ, ಟೇಪಿಗೆ ಸಿಮೆಂಟ್ ಮೆತ್ತಿ ಅಂಕಿ ಅಳಿಯುತ್ತದೆಂದು ಮೇಸ್ತ್ರಿ ಚಮ್ನಾನ್ ಮಾಮನೇ ಕಟ್ಟಿದ್ದು, ಟೇಪಲ್ಲಿ ಕಂಡಿದ್ದು ಕೂಗು ಮಾರಾಯ್ತಿ, ಎರಡು ಸೇರ್ಸೋದು ನನ್ನ ತಲೆನೋವು, ಅನ್ನುತ್ತಿದ್ದ, ಆ ಮಾಮ ಮೊಮ್ಮಗನ ಭಿಕ್ಷುದೀಕ್ಷೆಗೆಂದು ಕೋರಾಟ್ ಊರಿಗೆ ಹೋಗಿದ್ದಾನೆ, ಬೋಳುತಲೆಯ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಹೊತ್ತಿಗೆ ಕುಣಿಯುತ್ತಿರುತ್ತಾನೆ, ಇಲ್ಲಿ ಎರಡು ಸೇರಿಸುವವರೇ ಇಲ್ಲ, ಹಾಗಾದರೆ ಕಾಂಕ್ರೀಟ್ ಇರುವುದೂ ಇಪ್ಪತ್ತೊಂದರಲ್ಲಿ, ಕೊಳವೆಯ ಬಾಯಿ ಇರುವುದೂ ಇಪ್ಪತ್ತೊಂದರಲ್ಲಿ, ಕೊಳವೆಯೊಳಗೆ ಗುಳುಗುಳು ಸದ್ದು, ಕೆಸರು ನುಗ್ಗಿದೆ, ಬಾಯಿ ಯಾಕೆ ಕಟ್ಟಿತ್ತು ನಿನಗೆ, ಒಂದು ಮಾತು, ಒಂದೇ ಒಂದು ಮಾತು ಬೆಳಗ್ಗೆ ಹೇಳಿದ್ದರೆ.

ಸಾರ್, ಟೇಪಿನ ಕೆಳಗೆ ಎರಡು ಮೀಟರ್ ತಂತಿ ಐತೆ. ಯಾವ ತಂತಿ ಅಕ್ಕ? ಪಕೋನ್ ಕಾಗದ ನೋಡಿದ, ಕುಳಿ ನೋಡಿದ, ಮುಖದಲ್ಲಿ ರಕ್ತವಿಲ್ಲ, ಪಾಪ, ಇನ್ನೂ ಮೀಸೆ ಬಲಿಯದ ಮುಖ, ಕೊಳವೆ ಇಳಿಸ್ರೋ! ಬೇಗ ಇಳಿಸ್ರೋ! ಎಂದು ಕಿರುಚಿದ, ಇಳಿಸಿದರೆ ಏನು ಬಂತು, ಒಳಗೆ ಸೇರಿದ ಕೆಸರು ಕಾಂಕ್ರೀಟಿನ ನಡುವೆ ಪದರವಾಗಿ ಕೂತೇಬಿಟ್ಟಿತು, ಕಂಬ ಅಲ್ಲಿ ತುಂಡಾದಂತೆಯೇ, ಇನ್ನು ಯಾರ ಕೈಯೂ ಅಲ್ಲಿಗೆ ಹೋಗದು, ರಸ್ತೆಯ ಬಿಸಿಲಲ್ಲಿ ನಾಲ್ಕು ಕಾಂಕ್ರೀಟ್ ಲಾರಿಗಳು ಹೊಟ್ಟೆ ತಿರುಗಿಸುತ್ತ ನಿಂತಿವೆ, ನಿಲ್ಸಿ ಸಾರ್, ದೊಡ್ಡೋರಿಗೆ ಹೇಳಿ, ಅಂದಳು, ಈಗ ನಿಲ್ಸಿದ್ರೆ ಇಡೀ ಪೈಲೇ ಹೋಯ್ತಕ್ಕ, ಆಗ್ಲೇ ಹೋಗೈತಲ್ಲ ಸಾರ್, ಅವನು ಮತ್ತೆ ಲಾರಿಗಳತ್ತ ನೋಡಿದ, ಬೇಲಿಯ ಬೋರ್ಡಿನಲ್ಲಿ ಇಲ್ಲಿ ಏಳಲಿರುವ ಎಂಟು ಮಹಡಿಯ ಹೆರಿಗೆ ಆಸ್ಪತ್ರೆ, ಕೂಸನ್ನೆತ್ತಿ ನಗುವ ತಾಯಿ, ಬುಪ್ಪಾಳಿಗೆ ಅತ್ತ ನೋಡಲಾಗಲಿಲ್ಲ, ಗದರಿಸಿದ್ದರೆ ತಿರುಗಿ ಜಗಳವಾದರೂ ಆಡುತ್ತಿದ್ದಳು, ಅವನು ಅಳುವ ದನಿಯಲ್ಲಿ ಕೈಮುಗಿದ, ಮುಗಿದೇಬಿಟ್ಟ, ಇನ್ಮೇಲೆ ಎರಡು ಸೇರಿಸಿ ಕೂಗಿ ಅಕ್ಕ, ಅಷ್ಟೇ, ಯಾರಿಗೂ ಏನೂ ಹೇಳ್ಬೇಡಿ.

ಲಾರಿ ಸುರಿಯಿತು, ಗುಂಡು ಬಿಟ್ಟಳು, ಗರಗರ, ಟೇಪಿನಲ್ಲಿ ಹದಿನೈದು, ಹದಿನೇಳು! ಕೂಗಿದ್ದು ಅವಳದೇ ದನಿ, ಈ ಸಲ ಸರಿಯಾದ ಅಂಕಿ, ಎಷ್ಟು ಸರಿಯಾಗಿದ್ದರೇನು, ಅದರ ನಾಲ್ಕು ಮೀಟರ್ ಕೆಳಗೆ ಕೆಸರು, ಮಾಮ ಬಂದು ಹೆಂಗಾಯ್ತು ಬುಪ್ಪಾ ಅಂತ ಕೇಳುತ್ತಾನೆ, ಏನು ಹೇಳಲಿ, ಕೇಳಿಯೇ ಕೇಳುತ್ತಾನೆ, ಟೇಪು ಎಳೆದುಕೊಂಡಳು, ಐದು, ಮೂರು, ಒಂದು, ಸೊನ್ನೆ, ಅಂಕಿ ಮುಗಿಯಿತು, ಇನ್ನೂ ಎಳೆಯುತ್ತಿದ್ದಾಳೆ, ಕೆಸರು ತೊಟ್ಟಿಕ್ಕುತ್ತ ಬರುತ್ತಿದೆ, ತಂತಿ, ತಂತಿ —